ಫ್ರೆಂಚ್ ಹಾರ್ನ್, ಇಂಗ್ಲಿಷ್ ಹಾರ್ನ್, ಜರ್ಮನ್ ಫ್ಲೂಟ್: ವಾದ್ಯಗಳಿಗೆ ಈ ದೇಶದ ಹೆಸರುಗಳು ಅಂಟಿದ್ದು ಹೇಗೆ?

ಕೇಳುಗ_ಮೈಸೂರು:
ಪಾಶ್ಚಾತ್ಯ ಆರ್ಕೆಸ್ಟ್ರಾ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರಿಗಾಗಿ ಕನ್ನಡದಲ್ಲಿ ಒಂದು ವಾದ್ಯಪರಿಚಯ ಬರೆಯುತ್ತಿದ್ದೇನೆ. ತಂತಿವಾದ್ಯಗಳ ಭಾಗ ಸಲೀಸಾಗಿ ಮುಗಿಯಿತು. ಊದುವ ವಾದ್ಯಗಳಿಗೆ ಬಂದರೆ ಹೆಸರುಗಳೇ ತೊಡಕು. ಫ್ರೆಂಚ್ ಹಾರ್ನ್ ಈಗ ಬಳಕೆಯಲ್ಲಿರುವ ರೂಪದಲ್ಲಿ ಜರ್ಮನ್ ವಾದ್ಯ ಎನ್ನುತ್ತಾರೆ. ಇಂಗ್ಲಿಷ್ ಹಾರ್ನ್ ಇಂಗ್ಲೆಂಡಿನದ್ದೂ ಅಲ್ಲ, ಹಾರ್ನೂ ಅಲ್ಲ. ಹಳೆಯ ಪುಸ್ತಕಗಳಲ್ಲಿ ‘ಜರ್ಮನ್ ಫ್ಲೂಟ್’ ಎಂದು ಬೇರೆ ಬರುತ್ತದೆ. ಈ ಹೆಸರುಗಳು ಬಂದ ಬಗೆ ಏನು? ಕನ್ನಡದಲ್ಲಿ ಯಾವ ಹೆಸರು ಬಳಸುವುದು ಸರಿ? ಸ್ಕೋರ್ (ಎಲ್ಲ ವಾದ್ಯಗಳ ಸ್ವರ ಬರೆದ ಪುಸ್ತಕ) ಓದುವವರು ಇದರಿಂದ ಎಲ್ಲಿ ಎಡವುತ್ತಾರೆ? ಗೊತ್ತಿರುವವರು ವಿವರವಾಗಿ ಬರೆಯಬೇಕೆಂದು ಕೋರಿಕೆ.

ಹಿತ್ತಾಳೆ_ಸುರುಳಿ:
ಮೊದಲು ಫ್ರೆಂಚ್ ಹಾರ್ನ್. ಈ ಹೆಸರು ಹುಟ್ಟಿದ ಕಾಲಕ್ಕೆ ಸುಳ್ಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. 17ನೇ ಶತಮಾನದ ನಡುಭಾಗದ ನಂತರ ಫ್ರಾನ್ಸಿನ ಅರಸರ ಬೇಟೆಯಲ್ಲಿ, ಹೆಗಲ ಮೇಲೆ ಹಾಕಿಕೊಳ್ಳುವಷ್ಟು ಅಗಲವಾಗಿ ಸುತ್ತಿದ ಉದ್ದ ಕೊಳವೆಯ ಹಿತ್ತಾಳೆ ಕೊಂಬು ಬಳಕೆಗೆ ಬಂತು. ಇಂಗ್ಲೆಂಡಿನವರು ತಮ್ಮ ಗಿಡ್ಡ ಬೇಟೆಕೊಂಬಿನಿಂದ ಇದನ್ನು ಬೇರ್ಪಡಿಸಿ ಹೇಳಲು ‘ಫ್ರೆಂಚ್ ಹಾರ್ನ್’ ಎಂದರು. ಆ ಶತಮಾನ ಮುಗಿಯುವ ಮೊದಲೇ ಹೆಸರು ನೆಲೆಯಾಗಿತ್ತು.

ಆ ಮೂಲ ವಾದ್ಯ ಇಂದಿಗೂ ಫ್ರಾನ್ಸಿನಲ್ಲಿ ಜೀವಂತವಾಗಿದೆ. ಅಲ್ಲಿ ಅದನ್ನು ‘ಟ್ರೋಂಪ್’ ಎನ್ನುತ್ತಾರೆ. ಡಿ ಶ್ರುತಿ, ಕೊಳವೆಯ ಉದ್ದ ಸುಮಾರು 4.54 ಮೀಟರ್. 18ನೇ ಶತಮಾನದ ದಾಂಪಿಯೆರ್ ಮಾದರಿಯಲ್ಲಿ ಇಷ್ಟೂ ಉದ್ದ ಒಂದೂವರೆ ಸುತ್ತಿನಲ್ಲಿದ್ದರೆ, 19ನೇ ಶತಮಾನದ ಓರ್ಲೆಯಾನ್ ಮಾದರಿಯಲ್ಲಿ ಮೂರೂವರೆ ಸುತ್ತಿನಲ್ಲಿದೆ. ಕೊಳವೆಯ ಉದ್ದ ಬದಲಿಸುವ ವಾಲ್ವ್ ಇಲ್ಲ, ಬೆಲ್ ಎಂಬ ಅರಳಿದ ಬಾಯಿಯೊಳಗೆ ಕೈ ಹಾಕುವುದೂ ಇಲ್ಲ. ಬೆಲ್ ಹಿಂದಕ್ಕೆ ತಿರುಗಿರುವುದರಿಂದ ಕುದುರೆ ಮೇಲೆ ಹಿಂದೆ ಬರುವವರಿಗೆ ಸಂಕೇತ ಕೇಳಿಸುತ್ತದೆ. 2020ರಲ್ಲಿ ಯುನೆಸ್ಕೊ ಈ ಊದುವ ಕಲೆಯನ್ನು ಫ್ರಾನ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಇಟಲಿಗಳ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಆಮೇಲಿನದೆಲ್ಲ ಫ್ರಾನ್ಸಿನಿಂದ ಪೂರ್ವಕ್ಕೆ ನಡೆಯಿತು. 1680ರ ದಶಕದ ಆರಂಭದಲ್ಲಿ ಬೊಹೀಮಿಯಾದ ಕೌಂಟ್ ಶ್ಪೋರ್ಕ್ ತನ್ನ ಇಬ್ಬರು ಸೇವಕರಿಗೆ ಈ ಕೊಂಬಿನ ವಾದನ ಕಲಿಸಿ ಊರಿಗೆ ಕರೆದೊಯ್ದ. ಬೊಹೀಮಿಯಾ ಮುಂದೆ ಹಾರ್ನ್ ವಾದಕರ ತವರಾಯಿತು. 1700ರ ಸುಮಾರಿಗೆ ವಿಯೆನ್ನಾದ ಲೈಖ್‌ನಾಮ್‌ಶ್ನೈಡರ್ ಸಹೋದರರು ಶ್ರುತಿ ಬದಲಿಸಲು ಬಿಚ್ಚಿ ಜೋಡಿಸಬಹುದಾದ ಸುರುಳಿಗಳನ್ನು, ಅಂದರೆ ಕ್ರೂಕ್‌ಗಳನ್ನು ತಯಾರಿಸಿದರು. 1750ರ ಸುಮಾರಿಗೆ ಡ್ರೆಸ್ಡೆನ್‌ನ ಹಾಂಪೆಲ್ ಬೆಲ್‌ನೊಳಗೆ ಕೈ ಇಟ್ಟು ಸ್ವರ ತಿದ್ದುವ ಕ್ರಮವನ್ನು ರೂಢಿಗೆ ತಂದ. 1818ರಲ್ಲಿ ಪ್ರಷ್ಯಾದಲ್ಲಿ ಶ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ವಾಲ್ವ್‌ಗೆ ಪೇಟೆಂಟ್ ಪಡೆದರು. 1835ರಲ್ಲಿ ವಿಯೆನ್ನಾದ ರೀಡ್ಲ್ ರೋಟರಿ ವಾಲ್ವ್ ತಂದ. 1897ರ ಹೊತ್ತಿಗೆ ಎರ್‌ಫುರ್ಟ್‌ನ ಕ್ರುಸ್ಪೆ ಕಾರ್ಖಾನೆ ಎಫ್ ಮತ್ತು ಬಿ-ಫ್ಲಾಟ್ ಎರಡನ್ನೂ ಒಂದೇ ದೇಹದಲ್ಲಿ ಸೇರಿಸಿದ ಡಬಲ್ ಹಾರ್ನ್ ಮಾಡಿತು. ಇಂದು ಜಗತ್ತಿನ ಹೆಚ್ಚಿನ ಆರ್ಕೆಸ್ಟ್ರಾಗಳಲ್ಲಿ ಕಾಣುವುದು ಈ ಕೊನೆಯ ವಾದ್ಯದ ಸಂತತಿ. ಹೆಸರು ಮೊದಲ ಹೆಜ್ಜೆಯಲ್ಲೇ ನಿಂತಿತು, ವಾದ್ಯ ಮುಂದೆ ನಡೆಯಿತು.

ಸ್ವರಲಿಪಿ:
ಒಂದು ಸೇರ್ಪಡೆ. ಈ ‘ಫ್ರೆಂಚ್’ ಇಂಗ್ಲಿಷ್ ಭಾಷೆಯಲ್ಲಿ ಮಾತ್ರ ಗಟ್ಟಿಯಾಗಿ ಕುಳಿತಿದೆ. ಫ್ರೆಂಚರಿಗೆ ಅದು ಬರೀ ‘ಕೋರ್’. ಇಟಾಲಿಯನ್ನರಿಗೆ ‘ಕೋರ್ನೊ’, ಜರ್ಮನ್ನರಿಗೆ ‘ಹಾರ್ನ್’ ಅಥವಾ ಕಾಡಿನ ಕೊಂಬು ಎಂಬ ಅರ್ಥದ ‘ವಾಲ್ಡ್‌ಹಾರ್ನ್’. ರಷ್ಯನ್ನರ ‘ವಾಲ್ತೋರ್ನಾ’ ಆ ಜರ್ಮನ್ ಪದವೇ. ಹಾಗಾಗಿ ಯುರೋಪಿನ ಸ್ಕೋರ್‌ಗಳಲ್ಲಿ ‘ಫ್ರೆಂಚ್ ಹಾರ್ನ್’ ಹುಡುಕಿದರೆ ಸಿಗುವುದಿಲ್ಲ. ಇಂಟರ್‌ನ್ಯಾಷನಲ್ ಹಾರ್ನ್ ಸೊಸೈಟಿ 1971ರಲ್ಲಿಯೇ ಇಂಗ್ಲಿಷಿನಲ್ಲೂ ಬರೀ ‘ಹಾರ್ನ್’ ಎಂದರೆ ಸಾಕೆಂದು ಶಿಫಾರಸು ಮಾಡಿತ್ತು. ಕನ್ನಡದ ಪರಿಚಯಪುಸ್ತಕದಲ್ಲಿ ‘ಹಾರ್ನ್’ ಎಂದು ಬರೆದು, ಮೊದಲ ಸಲ ಬರುವಲ್ಲಿ ‘ಇದನ್ನೇ ಫ್ರೆಂಚ್ ಹಾರ್ನ್ ಎನ್ನುತ್ತಾರೆ’ ಎಂದು ಸೇರಿಸಿದರೆ ಸರಿಹೋಗುತ್ತದೆ.

ಬ್ಯಾಂಡ್_ಹುಬ್ಬಳ್ಳಿ:
‘ಹಾರ್ನ್’ ಅಂತ ಬರೀ ಬರೆದ್ರ ನಮ್ಮ ಕಡೆ ಓದೋರು ಲಾರಿ ಹಾರ್ನ್ ಅನ್ಕೋತಾರ್ರಿ. ಹೊಸಬ್ರಿಗೆ ‘ಫ್ರೆಂಚ್ ಹಾರ್ನ್’ ಅಂದ್ರನ ಗುರುತು ಸಿಗ್ತದ. ಅಂತರ್ಜಾಲದಾಗ ಹುಡುಕಿದ್ರೂ ಅದ ಹೆಸರು ಬರ್ತದ. ಹೆಸರು ತಪ್ಪಾದ್ರೂ ಅದನ್ನ ಇಟ್ಕೊಂಡು ಕೆಳಗ ವಿವರಣೆ ಕೊಡೋದು ಛಲೋ. ಇನ್ನೊಂದು ಕೇಳೋದದ: ಖರೇನ ಫ್ರೆಂಚ್ ಆದ ಫ್ರೆಂಚ್ ಹಾರ್ನ್ ಅಂತ ಒಂದು ಇತ್ತಲ್ರಿ, ಅದನ್ನ ನೋಡಿ ಗುರುತು ಹಿಡಿಯೋದು ಹ್ಯಾಂಗ?

ಹಿತ್ತಾಳೆ_ಸುರುಳಿ:
ಒಳ್ಳೆಯ ಪ್ರಶ್ನೆ ಕೇಳಿದ್ರಿ. ಮ್ಯೂಸಿಯಂನಲ್ಲಾಗಲಿ ಹಳೆಯ ಫೋಟೋದಲ್ಲಾಗಲಿ ಮೊದಲು ನೋಡಬೇಕಾದದ್ದು ವಾಲ್ವ್.

ಎಡಗೈ ಬೆರಳುಗಳ ಕೆಳಗೆ ಚಪ್ಪಟೆ ಲೀವರ್‌ಗಳಿದ್ದು, ಅವುಗಳ ಕಡ್ಡಿ ದುಂಡನೆಯ ಗಿಡ್ಡ ಡಬ್ಬಿಗಳಿಗೆ ಹೋಗಿ ಸೇರಿದ್ದರೆ ಅದು ಜರ್ಮನ್ ಮಾದರಿ. ಒಳಗಿನ ರೋಟರ್ ಕಾಲು ಸುತ್ತು ತಿರುಗಿ ಗಾಳಿಯನ್ನು ಹೆಚ್ಚುವರಿ ಕೊಳವೆಗೆ ಕಳಿಸುತ್ತದೆ. ಕಹಳೆಯಲ್ಲಿರುವಂತೆ ನೇರ ಕೆಳಗೊತ್ತುವ ಪಿಸ್ಟನ್‌ಗಳಿದ್ದರೆ ಅದು ಫ್ರೆಂಚ್ ಮಾದರಿ. ಈ ಬಗೆಯ ಪಿಸ್ಟನ್ ಪ್ಯಾರಿಸ್‌ನ ಪೆರಿನೆ 1830ರ ದಶಕದ ಕೊನೆಯಲ್ಲಿ ಮಾಡಿದ್ದು. ಉದ್ದನೆಯ ಕಡ್ಡಿಗಳು ಜೋಡಿಜೋಡಿಯಾಗಿ ಮೇಲೆ ಕೆಳಗೆ ಚಲಿಸುತ್ತಿದ್ದರೆ ಅದು ವಿಯೆನ್ನಾ ಹಾರ್ನ್. ವಿಯೆನ್ನಾ ಫಿಲ್‌ಹಾರ್ಮೋನಿಕ್ ಈಗಲೂ ಆ ಎಫ್ ಹಾರ್ನನ್ನು ಬಿಟ್ಟಿಲ್ಲ.

ಎರಡನೆಯದು ಕೊಳವೆಯ ಒಳವ್ಯಾಸ. ವಿಯೆನ್ನಾ ಹಾರ್ನ್‌ನದು 10.8 ಮಿ.ಮೀ., ಹಳೆಯ ಫ್ರೆಂಚ್ ಹಾರ್ನ್‌ನದು ಅದರ ಆಸುಪಾಸು, ಜರ್ಮನ್ ಡಬಲ್ ಹಾರ್ನ್‌ನದು ಸುಮಾರು 12 ಮಿ.ಮೀ. ಒಂದು ಮಿಲಿಮೀಟರ್ ಎಂದರೆ ಅಲ್ಪವೆನಿಸಬಹುದು, ಆದರೆ ನಾದ ಬದಲಾಗುತ್ತದೆ. ಕಿರಿದಾದ ಕೊಳವೆಯಲ್ಲಿ ದನಿ ಹಗುರ, ಹೊಳಪು ಹೆಚ್ಚು, ಜೋರಾಗಿ ಊದಿದಾಗ ಬೇಗ ಹಿತ್ತಾಳೆಯ ಕಂಪು ಬರುತ್ತದೆ. ಅಗಲ ಕೊಳವೆಯಲ್ಲಿ ದನಿ ದಪ್ಪ ಮತ್ತು ದುಂಡು.

ಮೂರನೆಯದು ಫ್ರಾನ್ಸಿನ ವಿಶೇಷ. ಸಾಮಾನ್ಯವಾಗಿ ಮೊದಲ ವಾಲ್ವ್ ಒಂದು ಸ್ವರ, ಎರಡನೆಯದು ಅರ್ಧ ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತವೆ. ಅನೇಕ ಫ್ರೆಂಚ್ ಹಾರ್ನ್‌ಗಳಲ್ಲಿ ಮೂರನೇ ವಾಲ್ವ್ ತಿರುಗುಮುರುಗು: ಒತ್ತದಿದ್ದಾಗ ಅದರ ಕೊಳವೆ ದಾರಿಯಲ್ಲಿರುತ್ತದೆ, ಒತ್ತಿದರೆ ಬಿಟ್ಟುಹೋಗುತ್ತದೆ. ಎಫ್ ಹಾರ್ನ್ ಆಗ ಜಿ ಹಾರ್ನ್ ಆಗಿ ಶ್ರುತಿ ಒಂದು ಸ್ವರ ಏರುತ್ತದೆ. ಮೇಲಿನ ಸ್ಥಾಯಿಯಲ್ಲಿ ಇದು ವರ. ಆದರೆ ಕೆಳಗಿನ ಕೆಲವು ಸ್ವರಗಳು ಸಿಗುವುದೇ ಇಲ್ಲ, ಮತ್ತು ಸಾಮಾನ್ಯ ಬೆರಳುಪಟ್ಟಿ ಹಿಡಿದು ನುಡಿಸಿದರೆ ಮೂರನೇ ಬೆರಳು ಬರುವಲ್ಲೆಲ್ಲ ಸ್ವರ ತಪ್ಪುತ್ತದೆ. ಪರೀಕ್ಷೆ ಸುಲಭ: ಒಂದು ಸ್ವರ ಹಿಡಿದು ಮೂರನೆಯದನ್ನು ಒತ್ತಿ. ಮೇಲೆ ಹೋದರೆ ಅದು ಫ್ರೆಂಚ್ ಪದ್ಧತಿಯದು.

ಕೇಳುಗ_ಮೈಸೂರು:
ಎಡಗೈಯಲ್ಲಿ ವಾಲ್ವ್ ಏಕೆ? ಉಳಿದ ಹಿತ್ತಾಳೆ ವಾದ್ಯಗಳಲ್ಲಿ ಬಲಗೈಯಲ್ಲವೇ?

ಹಿತ್ತಾಳೆ_ಸುರುಳಿ:
ವಾಲ್ವ್ ಬರುವ ಮೊದಲೇ ಬಲಗೈ ಬೆಲ್‌ನೊಳಗೆ ಸೇರಿಕೊಂಡಿತ್ತು. ಹಾಂಪೆಲ್ ಕಾಲದ ವಾದ್ಯದಲ್ಲಿ ಹಾರ್ಮಾನಿಕ್ ಸ್ವರಗಳು, ಅಂದರೆ ಒಂದೇ ಉದ್ದದ ಕೊಳವೆಯಿಂದ ತುಟಿಯ ಬಿಗಿಯಲ್ಲೇ ಹೊರಡುವ ಸ್ವರಗಳು ಮಾತ್ರ ಸಿಗುತ್ತಿದ್ದವು. ಅವುಗಳಲ್ಲಿ 11ನೆಯದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಬೀಳುತ್ತದೆ. ಕೈಯನ್ನು ಒಳಗೊಂದಿಷ್ಟು ತಳ್ಳಿದರೆ ಅದು ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಆ ಕೆಲಸ ಬಲಗೈಗೆ ಮೀಸಲಾಗಿದ್ದರಿಂದ, ಮುಂದೆ ಬಂದ ವಾಲ್ವ್‌ಗಳು ಎಡಗೈಯ ಪಾಲಾದವು.

ಈ ವಿಷಯದಲ್ಲಿ ಪ್ಯಾರಿಸ್ ತೀರ ಹಳೆಯ ನಿಷ್ಠೆಯ ಊರು. ಅಲ್ಲಿನ ಕನ್ಸರ್ವೇಟರಿಯಲ್ಲಿ ಮೇಫ್ರೆಡ್ 1833ರಿಂದ 1864ರವರೆಗೆ ವಾಲ್ವ್ ಹಾರ್ನ್ ಕಲಿಸಿದ. ಅವನ ನಂತರ ಆ ತರಗತಿ ನಿಂತು, 20ನೇ ಶತಮಾನದ ಹೊಸ್ತಿಲವರೆಗೂ ವಾಲ್ವ್ ಇಲ್ಲದ ಹಾರ್ನೇ ಅಧಿಕೃತ ಪಾಠವಾಗಿತ್ತು. ರವೆಲ್ ತನ್ನ ‘ಪವಾನ್’ ಕೃತಿಯನ್ನು 1910ರಲ್ಲಿ ಆರ್ಕೆಸ್ಟ್ರಾಕ್ಕೆ ಅಳವಡಿಸಿದಾಗಲೂ ಜಿ ಶ್ರುತಿಯ ಸರಳ ಹಾರ್ನ್ ಎಂದೇ ನಮೂದಿಸಿದ. ಫ್ರೆಂಚ್ ಎಂಬ ಹೆಸರು ಯಾರಿಗಾದರೂ ನ್ಯಾಯವಾಗಿ ಸಲ್ಲುವುದಾದರೆ ಈ ಪರಂಪರೆಗೆ ಸಲ್ಲಬೇಕು. ಅದು ಆರ್ಕೆಸ್ಟ್ರಾಗಳಿಂದ ಮರೆಯಾದದ್ದು ನಿಜವಾದ ನಷ್ಟ.

ಅರಮನೆ_ಸಂಗೀತ:
ಆ ಫ್ರೆಂಚ್ ಹಾರ್ನ್‌ಗೆ ಮೈಸೂರಿನೊಂದಿಗೆ ಒಂದು ನಂಟಿದೆ, ನಿಮ್ಮ ಪುಸ್ತಕಕ್ಕೆ ಬೇಕಾದೀತು. ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಗೀತೆಗಳು’ ಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಅವರು ಆ ವಾದ್ಯವೃಂದದ ಪೋಷಕರೂ ಆಗಿದ್ದರು. ‘ಸೆಪ್ಟೆಂಬರ್’ ಗೀತೆ ಹಾರ್ನ್‌ನ ಒಂಟಿ ದನಿಯಲ್ಲಿ ಮುಗಿಯುತ್ತದೆ. ಫಿಲ್‌ಹಾರ್ಮೋನಿಯಾದ ಆಗಿನ ಮುಖ್ಯ ಹಾರ್ನ್ ವಾದಕ ಡೆನಿಸ್ ಬ್ರೇನ್. ಅವರು ಪ್ಯಾರಿಸ್‌ನ ರೌ ಕಾರ್ಖಾನೆಯ ಕಿರುಕೊಳವೆಯ ಪಿಸ್ಟನ್ ಹಾರ್ನ್ ಬಿಟ್ಟು ಜರ್ಮನಿಯ ಅಲೆಕ್ಸಾಂಡರ್ ಬಿ-ಫ್ಲಾಟ್ ಹಾರ್ನ್ ಹಿಡಿದದ್ದು 1951ರಲ್ಲಿ. ಇಂಗ್ಲೆಂಡಿನಲ್ಲಿ ‘ಫ್ರೆಂಚ್ ಹಾರ್ನ್’ ಎಂಬ ಮಾತು ಅಕ್ಷರಶಃ ನಿಜವಾಗಿದ್ದ ಕಾಲ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಎಫ್_ಸೈಡ್:
ಜರ್ಮನ್ ಮಾದರಿ ಗೆದ್ದದ್ದೇಕೆ ಎಂಬುದಕ್ಕೆ ಲೆಕ್ಕವೇ ಉತ್ತರ. ಎಫ್ ಹಾರ್ನ್ ಸುಮಾರು 3.7 ಮೀಟರ್, ಬಿ-ಫ್ಲಾಟ್ ಸುಮಾರು 2.75 ಮೀಟರ್. ಮೇಲಿನ ಎಫ್ ಸ್ವರ ಎಫ್ ಹಾರ್ನ್‌ನಲ್ಲಿ 16ನೇ ಹಾರ್ಮಾನಿಕ್. ಅಲ್ಲಿ ಅಕ್ಕಪಕ್ಕದ ಹಾರ್ಮಾನಿಕ್‌ಗಳ ಅಂತರ ಅರ್ಧ ಸ್ವರದಷ್ಟೇ, ತುಟಿ ಕೂದಲೆಳೆ ತಪ್ಪಿದರೂ ಪಕ್ಕದ ಸ್ವರ ಒಡೆದು ಬರುತ್ತದೆ. ಅದೇ ಸ್ವರ ಬಿ-ಫ್ಲಾಟ್ ಹಾರ್ನ್‌ನಲ್ಲಿ 12ನೆಯದು, ಅಂತರ ಹೆಚ್ಚು, ಅಪಾಯ ಕಡಿಮೆ. ಡಬಲ್ ಹಾರ್ನ್‌ನಲ್ಲಿ ಹೆಬ್ಬೆರಳಿನ ವಾಲ್ವ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು: ಕೆಳಗೆ ಎಫ್‌ನ ನಾದ, ಮೇಲೆ ಬಿ-ಫ್ಲಾಟ್‌ನ ಭದ್ರತೆ. ಬೆಲೆ ಎಂದರೆ ತೂಕ.

ಎರಡೆಲೆ_ರೀಡ್:
ಇನ್ನು ಇಂಗ್ಲಿಷ್ ಹಾರ್ನ್. ಇದು ಓಬೋದ ಅಕ್ಕ: ಎರಡೆಲೆಯ ರೀಡ್ (ಊದಿದಾಗ ಕಂಪಿಸುವ ಜೊಂಡಿನ ತುಂಡು), ಮರದ ದೇಹ, ಓಬೋಗಿಂತ ಪಂಚಮದಷ್ಟು ಕೆಳಗಿನ ಶ್ರುತಿ. ತುದಿಯ ಬೆಲ್ ಉಬ್ಬಿದ ಬಲ್ಬಿನಂತಿದೆ. ರೀಡ್ ಮತ್ತು ದೇಹದ ನಡುವೆ ಬಾಗಿದ ಸಣ್ಣ ಲೋಹದ ಕೊಳವೆ ಇರುತ್ತದೆ, ಅದಕ್ಕೆ ಬೋಕಲ್ ಎನ್ನುತ್ತಾರೆ.

ಇದರ ಪೂರ್ವಜರು ಜರ್ಮನ್ ಭಾಷೆಯ ನಾಡಿನವರು. ಬಾಖ್‌ನ ಕಾಲದಲ್ಲಿ ಲೈಪ್‌ಜಿಗ್‌ನ ಐಶೆನ್‌ಟೋಫ್ ‘ಓಬೋ ದ ಕಾಚ್ಚಾ’ ಮಾಡುತ್ತಿದ್ದ. ಅದು ನಿಜಕ್ಕೂ ಕೊಂಬಿನಂತೆ ಬಾಗಿದ್ದು ತುದಿಗೆ ಹಿತ್ತಾಳೆ ಬೆಲ್ ಇತ್ತು. ಮರವನ್ನು ಬಾಗಿಸುವ ಕ್ರಮ ತಿಳಿಯಬೇಕಾದದ್ದು. ಮೊದಲು ನೇರವಾಗಿಯೇ ಕಡೆದು ರಂಧ್ರ ಕೊರೆಯುತ್ತಾರೆ. ಒಳಬಾಗಿನ ಕಡೆಯಿಂದ ರಂಧ್ರವನ್ನೂ ದಾಟುವಂತೆ ಸಾಲಾಗಿ ಗರಗಸದ ಕಚ್ಚು ಹಾಕುತ್ತಾರೆ, ಬೆನ್ನಿನ ಕಡೆ ಮರ ಮಾತ್ರ ತುಂಡಾಗದೆ ಉಳಿಯುತ್ತದೆ. ಹಬೆ ಕೊಟ್ಟು ಬಾಗಿಸಿದಾಗ ಕಚ್ಚುಗಳು ಮುಚ್ಚಿಕೊಳ್ಳುತ್ತವೆ. ಒಳಬಾಗಿಗೆ ಒಂದು ಮರದ ಪಟ್ಟಿ ಅಂಟಿಸಿ, ಮೇಲೆ ತೊಗಲು ಬಿಗಿಯುತ್ತಾರೆ. ತೊಗಲು ಅಲಂಕಾರಕ್ಕಲ್ಲ, ಗಾಳಿ ಸೋರದಿರಲಿ ಎಂದು. ಅಂಟು ಒಣಗಿ ಬಿರಿದರೆ ಕೆಳಗಿನ ಸ್ವರಗಳೇ ಮೊದಲು ಕೈಕೊಡುತ್ತವೆ, ಏಕೆಂದರೆ ಅವಕ್ಕೆ ಇಡೀ ಕೊಳವೆ ಬಿಗಿಯಾಗಿರಬೇಕು.

‘ಹಾರ್ನ್’ ಎಂಬ ಭಾಗ ಈ ಬಾಗಿದ ಆಕಾರದಿಂದ ಬಂತು, ಅದರಲ್ಲಿ ಹೆಚ್ಚು ಅನುಮಾನವಿಲ್ಲ. ಈಗಿನ ನೇರ ರೂಪ ಪ್ಯಾರಿಸ್‌ನ ಆನ್ರಿ ಬ್ರೋಡ್ 1839ರಲ್ಲಿ ತಂದದ್ದು.

ಕೇಳುಗ_ಮೈಸೂರು:
‘ಇಂಗ್ಲಿಷ್’ ಎಂಬುದು ಫ್ರೆಂಚಿನ ‘ಆಂಗ್ಲೇ’ಯ ಅಪಭ್ರಂಶ, ‘ಕೋನವಾಗಿ ಬಾಗಿದ ಕೊಂಬು’ ಎಂದರ್ಥ, ಎಂದು ಹಲವು ಕಡೆ ಓದಿದ್ದೇನೆ. ಅದನ್ನೇ ಬರೆಯಲೇ?

ಸ್ವರಲಿಪಿ:
ಬೇಡ. ಆ ವಿವರಣೆ ಕೇಳಲು ಅಚ್ಚುಕಟ್ಟಾಗಿದೆ, ಅದಕ್ಕೇ ಎಲ್ಲೆಡೆ ಹಬ್ಬಿದೆ. ಆದರೆ ನಿಲ್ಲುವುದಿಲ್ಲ. ಹೆಸರು ಮೊದಲು ಕಾಣಿಸುವುದು ಫ್ರೆಂಚಿನಲ್ಲಲ್ಲ, ವಿಯೆನ್ನಾದಲ್ಲಿ, ಅದೂ ಇಟಾಲಿಯನ್ ರೂಪದಲ್ಲಿ: ‘ಕೋರ್ನೊ ಇಂಗ್ಲೇಸೆ’. 1749ರಲ್ಲಿ ಯೊಮ್ಮೆಲ್ಲಿಯ ಒಂದು ಒಪೆರಾದಲ್ಲಿ ಬರುತ್ತದೆ, ನಂತರ ಗ್ಲುಕ್ ಬಳಸುತ್ತಾನೆ, 1764ರಲ್ಲಿ ಹೈಡನ್ ತನ್ನ 22ನೇ ಸಿಂಫನಿಯಲ್ಲಿ ಎರಡನ್ನು ಬಳಸುತ್ತಾನೆ. ಫ್ರಾನ್ಸಿನ ಆರ್ಕೆಸ್ಟ್ರಾ ಸ್ಕೋರ್‌ನಲ್ಲಿ ಈ ವಾದ್ಯಕ್ಕೆ ಜಾಗ ಸಿಕ್ಕಿದ್ದು 1808ರಲ್ಲಿ, ಕಾತೆಲ್‌ನ ಒಪೆರಾದಲ್ಲಿ. ವಾದ್ಯವೇ ಇಲ್ಲದ ಭಾಷೆಯಲ್ಲಿ ಅದರ ಹೆಸರು ಅಪಭ್ರಂಶವಾಗಿ ವಿಯೆನ್ನಾಕ್ಕೆ ಹೋಗುವುದು ಹೇಗೆ? ಜೊತೆಗೆ, ಹೆಸರು ಬಂದ ಕಾಲದ ವಾದ್ಯ ದುಂಡಾಗಿ ಬಾಗಿತ್ತು. ಮೊಣಕೈಯಂತೆ ಕೋನ ಮಾಡಿ ಜೋಡಿಸಿದ ರೂಪ ಬಂದದ್ದು ಆಮೇಲೆ.

ವಿದ್ವಾಂಸರು ಹೆಚ್ಚು ಒಪ್ಪುವ ಇನ್ನೊಂದು ದಾರಿ ಇದೆ. ಹಳೆಯ ಜರ್ಮನ್‌ನಲ್ಲಿ ‘ಎಂಗೆಲ್ಲಿಶ್’ ಪದಕ್ಕೆ ಇಂಗ್ಲಿಷ್ ಎಂಬ ಅರ್ಥವೂ ಇತ್ತು, ದೇವದೂತರಿಗೆ ಸಂಬಂಧಿಸಿದ್ದು ಎಂಬ ಅರ್ಥವೂ ಇತ್ತು. ಚರ್ಚಿನ ಚಿತ್ರಗಳಲ್ಲಿ ದೇವದೂತರ ಕೈಯಲ್ಲಿ ಬಾಗಿದ ಕೊಂಬು ಇರುತ್ತದೆ. ‘ದೇವದೂತರ ಕೊಂಬು’ ಎಂದು ಕರೆದದ್ದನ್ನು ಇಟಾಲಿಯನ್ನಿಗೆ ತಂದವರು ಇಂಗ್ಲಿಷ್ ಎಂದು ಓದಿಕೊಂಡರು ಎಂಬುದು ವಾದ. ಇದಕ್ಕೆ ನೇರ ದಾಖಲೆ ಇಲ್ಲ, ಹಾಗಾಗಿ ‘ಹೀಗಿರುವ ಸಾಧ್ಯತೆ ಹೆಚ್ಚು’ ಎಂದು ಬರೆಯಿರಿ. ‘ಆಂಗ್ಲೇ’ ಕಥೆಯನ್ನು ಮಾತ್ರ ನಿಜವೆಂದು ಅಚ್ಚು ಹಾಕಬೇಡಿ.

ಎರಡೆಲೆ_ರೀಡ್:
ಇದಕ್ಕೊಂದು ಬಲವಾದ ಸಾಕ್ಷಿ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಅದೇ ಶ್ರುತಿಯ ಓಬೋ 18ನೇ ಶತಮಾನದಲ್ಲಿ ಇತ್ತು, ನೇರ ದೇಹದ್ದು. ಆದರೆ ಅಲ್ಲಿ ಅದನ್ನು ‘ವೋಕ್ಸ್ ಹ್ಯುಮಾನಾ’ ಎನ್ನುತ್ತಿದ್ದರು. ಇಂಗ್ಲೆಂಡಿನವರು ಈಗಲೂ ಈ ವಾದ್ಯವನ್ನು ಫ್ರೆಂಚ್ ಹೆಸರಿನಿಂದ ‘ಕೋರ್ ಆಂಗ್ಲೇ’ ಎಂದೇ ಕರೆಯುತ್ತಾರೆ. ‘ಇಂಗ್ಲಿಷ್ ಹಾರ್ನ್’ ಅಮೆರಿಕದವರ ಬಳಕೆ. ಕನ್ನಡಕ್ಕೆ ಎರಡೂ ಹೊರಗಿನವೇ. ಓದುಗರಿಗೆ ‘ಇಂಗ್ಲಿಷ್ ಹಾರ್ನ್’ ಪರಿಚಿತ, ಅದನ್ನೇ ಇಡಿ.

ಸ್ವರಲಿಪಿ:
ಇನ್ನು ಫ್ಲೂಟ್. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡ್ಡ ಹಿಡಿಯುವ ಫ್ಲೂಟ್ ‘ಜರ್ಮನ್ ಫ್ಲೂಟ್’, ನೇರ ಹಿಡಿಯುವ ರೆಕಾರ್ಡರ್ ‘ಕಾಮನ್ ಫ್ಲೂಟ್’ ಅಥವಾ ‘ಇಂಗ್ಲಿಷ್ ಫ್ಲೂಟ್’. ಓಟೆತೇರ್ 1707ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ ಪಾಠಪುಸ್ತಕದ ಶೀರ್ಷಿಕೆಯಲ್ಲೂ ಅಡ್ಡ ಫ್ಲೂಟನ್ನು ‘ಜರ್ಮನಿಯ ಫ್ಲೂಟ್’ ಎಂದೇ ಹೆಸರಿಸಿದ್ದಾನೆ. ಆದರೆ ಆ ಹೊತ್ತಿಗೆ ಫ್ಲೂಟ್‌ಗೆ ಒಂದು ಕೀಲಿ ಸೇರಿಸಿ, ರಂಧ್ರವನ್ನು ಕೆಳಮುಖವಾಗಿ ಕಿರಿದಾಗಿಸಿ, ತುಂಡುಗಳಾಗಿ ಜೋಡಿಸುವಂತೆ ಮಾಡಿದ ಬೆಳವಣಿಗೆಗೆ ಫ್ರಾನ್ಸೇ ಕೇಂದ್ರ. ಹೆಸರು ನೆನೆಯುತ್ತಿದ್ದದ್ದು ಅದಕ್ಕೂ ಹಿಂದಿನ ಕಾಲವನ್ನು. 16ನೇ ಶತಮಾನದ ಜರ್ಮನ್ ಪುಸ್ತಕಗಳು ಅದೇ ಅಡ್ಡ ಕೊಳಲಿಗೆ ‘ಸ್ವಿಸ್ ಕೊಳಲು’ ಎಂದಿದ್ದವು, ಏಕೆಂದರೆ ಅವರ ಕಣ್ಣಿಗೆ ಬಿದ್ದದ್ದು ಸ್ವಿಸ್ ಸಿಪಾಯಿಗಳ ಕೈಯಲ್ಲಿ.

ನನ್ನ ದೃಷ್ಟಿಯಲ್ಲಿ ಈ ಎಲ್ಲ ಹೆಸರುಗಳ ಗುಟ್ಟು ಇಷ್ಟೇ: ವಾದ್ಯ ಎಲ್ಲಿ ಹುಟ್ಟಿತು ಎಂಬುದನ್ನು ಹೆಸರು ಹೇಳುವುದಿಲ್ಲ, ಹೆಸರಿಟ್ಟವರ ಊರಿಗೆ ಅದು ಯಾವ ದಿಕ್ಕಿನಿಂದ ಬಂತು ಎಂಬುದನ್ನು ಹೇಳುತ್ತದೆ. ನಾವು ಸೀಮೆಬದನೆ, ಸೀಮೆಸುಣ್ಣ ಎನ್ನುವಾಗ ಆ ಸೀಮೆ ಯಾವುದೆಂದು ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ.

ಕೊಳಲು_ತೂತು:
ಹಳೆಯ ಫ್ಲೂಟ್ ಸಂಗೀತ ನುಡಿಸುವವರಿಗೆ ಈ ಹೆಸರು ಗೊಂದಲ ಬಹಳ ತೊಂದರೆ ಕೊಡುತ್ತದೆ. ಪರ್ಸೆಲ್ ಸ್ಕೋರ್‌ನಲ್ಲಿ ‘ಫ್ಲೂಟ್’ ಎಂದಿದ್ದರೆ ರೆಕಾರ್ಡರ್. ಬಾಖ್‌ನಲ್ಲಿ ‘ಫ್ಲೌಟೊ’ ಎಂದರೆ ರೆಕಾರ್ಡರ್, ‘ಟ್ರಾವೆರ್ಸೊ’ ಎಂದರೆ ಅಡ್ಡ ಫ್ಲೂಟ್. ಹೆಸರು ಸ್ಪಷ್ಟವಿಲ್ಲದಿದ್ದರೆ ಅತಿ ಕೆಳಗಿನ ಸ್ವರ ನೋಡಿ. ಬರೋಕ್ ಅಡ್ಡ ಫ್ಲೂಟ್ ಮಧ್ಯ ಸಿ ಮೇಲಿನ ಡಿವರೆಗೆ ಇಳಿಯುತ್ತದೆ, ಆಲ್ಟೊ ರೆಕಾರ್ಡರ್ ಎಫ್‌ಗೆ ನಿಲ್ಲುತ್ತದೆ. ಡಿ, ಜಿ ಮೇಜರ್‌ನಂಥ ಶಾರ್ಪ್ ಶ್ರುತಿಗಳು ಫ್ಲೂಟ್‌ಗೆ ಒಗ್ಗುತ್ತವೆ, ಎಫ್, ಬಿ-ಫ್ಲಾಟ್ ರೆಕಾರ್ಡರ್‌ಗೆ.

ಫ್ಲೂಟ್‌ಗೆ ಬರೆದದ್ದನ್ನು ರೆಕಾರ್ಡರ್‌ನಲ್ಲಿ ನುಡಿಸಲು ಆ ಕಾಲದವರೇ ಕಂಡುಕೊಂಡ ಉಪಾಯವಿದೆ. ಅದಕ್ಕೆ ಸಾಧನವಾಗಿದ್ದು ಇನ್ನೊಂದು ದೇಶದ ಹೆಸರಿನ ವಸ್ತು: ‘ಫ್ರೆಂಚ್ ವಯೊಲಿನ್ ಕ್ಲೆಫ್’. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ತೋರಿಸುವ ಗುರುತು. ಇದರಲ್ಲಿ ಜಿ ಸ್ವರ ಎಲ್ಲಕ್ಕಿಂತ ಕೆಳಗಿನ ಗೆರೆಯಲ್ಲಿರುತ್ತದೆ. ಸಾಮಾನ್ಯ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದದ್ದನ್ನು ಆ ಕ್ಲೆಫ್ ಇದೆ ಎಂದುಕೊಂಡು ಓದಿ, ಮೂರು ಫ್ಲಾಟ್ ಸೇರಿಸಿ. ಡಿ ಮೇಜರ್ ಎಫ್ ಮೇಜರ್ ಆಗುತ್ತದೆ, ಜಿ ಮೇಜರ್ ಬಿ-ಫ್ಲಾಟ್ ಆಗುತ್ತದೆ. ನಡುವೆ ಬರುವ ಬಿಡಿ ಶಾರ್ಪ್, ನ್ಯಾಚುರಲ್ ಗುರುತುಗಳಲ್ಲಿ ಎಚ್ಚರ ಬೇಕು: ಬರೆದ ಶಾರ್ಪ್ ಅನೇಕ ಕಡೆ ನ್ಯಾಚುರಲ್ ಆಗಿಬಿಡುತ್ತದೆ.

ಬ್ಯಾಂಡ್_ಹುಬ್ಬಳ್ಳಿ:
ಕ್ಲಾರಿನೆಟ್‌ಗೂ ಇಂಥಾದ್ದ ಒಂದು ಅದ ಅಲ್ರಿ? ‘ಬೋಮ್ ಸಿಸ್ಟಮ್’ ಅಂತಾರ, ಬೋಮ್ ಜರ್ಮನ್ ಮನುಷ್ಯಾ, ಆದ್ರ ಅದಕ್ಕ ಫ್ರೆಂಚ್ ಕ್ಲಾರಿನೆಟ್ ಅಂತಾರ.

ಸ್ವರಲಿಪಿ:
ಹೌದು. ಬೋಮ್ ಮ್ಯೂನಿಕ್‌ನವನು, 1832 ಮತ್ತು 1847ರಲ್ಲಿ ಫ್ಲೂಟನ್ನು ಹೊಸದಾಗಿ ರೂಪಿಸಿದ. ಅವನ ಉಂಗುರ ಕೀಲಿಯ ತತ್ವವನ್ನು ಕ್ಲಾರಿನೆಟ್‌ಗೆ ಹೊಂದಿಸಿದವರು ಪ್ಯಾರಿಸ್‌ನ ಕ್ಲೋಸೆ ಮತ್ತು ಬ್ಯೂಫೆ, 1839ರ ಸುಮಾರಿಗೆ. ಜರ್ಮನಿಯವರು ಅದನ್ನು ಒಪ್ಪದೆ ಎಹ್ಲರ್ ಎಂಬ ತಮ್ಮದೇ ಕೀಲಿ ಪದ್ಧತಿಯನ್ನು ಬೆಳೆಸಿದರು. ಬಸೂನ್ ಎಂಬ ಕೆಳಸ್ಥಾಯಿಯ ರೀಡ್ ವಾದ್ಯದಲ್ಲಿ ಮಾತ್ರ ಫ್ರೆಂಚ್, ಜರ್ಮನ್ ಎಂಬ ಹೆಸರುಗಳು ನ್ಯಾಯವಾಗಿವೆ. ಎರಡೂ ಬೇರೆಬೇರೆ ವಾದ್ಯಗಳು, ಬೆರಳು ಬೇರೆ, ನಾದ ಬೇರೆ.

‘ರಷ್ಯನ್ ಬಸೂನ್’ ರಷ್ಯಾದ್ದೂ ಅಲ್ಲ, ಬಸೂನೂ ಅಲ್ಲ. ರೀಡ್ ಇಲ್ಲ, ಹಿತ್ತಾಳೆ ವಾದ್ಯದಂತೆ ಬಟ್ಟಲು ಮೌತ್‌ಪೀಸ್‌ಗೆ ತುಟಿ ಇಟ್ಟು ಊದುವ, ನೆಟ್ಟಗೆ ನಿಲ್ಲಿಸಿದ ಸರ್ಪೆಂಟ್ (ಹಾವಿನಂತೆ ಬಾಗಿದ ಹಳೆಯ ಬೇಸ್ ವಾದ್ಯ) ಅದು.

ಎಫ್_ಸೈಡ್:
ಸ್ಕೋರ್ ಓದುವವರು ಎಡವುವ ಜಾಗಗಳನ್ನು ಹೇಳುತ್ತೇನೆ.

ಹಾರ್ನ್ ಮತ್ತು ಇಂಗ್ಲಿಷ್ ಹಾರ್ನ್ ಎರಡೂ ಎಫ್ ವಾದ್ಯಗಳು, ನಮ್ಮ ಲೆಕ್ಕದಲ್ಲಿ ನಾಲ್ಕು ಮನೆ ಶ್ರುತಿ. ಬರೆದ ಸಿ ಕೇಳುವುದು ಕೆಳಗಿನ ಎಫ್ ಆಗಿ. ಟ್ರಾನ್ಸ್‌ಪೊಸಿಷನ್, ಅಂದರೆ ಬರೆದ ಸ್ವರಕ್ಕೂ ಕೇಳುವ ಸ್ವರಕ್ಕೂ ಇರುವ ಅಂತರ, ಒಂದೇ ಆದ್ದರಿಂದ ನೊಟೇಷನ್ ಸಾಫ್ಟ್‌ವೇರ್‌ನಲ್ಲಿ ಒಂದರ ಸಾಲು ಇನ್ನೊಂದಕ್ಕೆ ಹೋದರೆ ಸ್ವರ ಸರಿಯಾಗಿಯೇ ಕೇಳುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮಿಡಿ ಎಂಬ ಕಂಪ್ಯೂಟರ್ ಸಂಗೀತ ಪದ್ಧತಿಯ ವಾದ್ಯಪಟ್ಟಿಯಲ್ಲಿ ಫ್ರೆಂಚ್ ಹಾರ್ನ್ 61, ಇಂಗ್ಲಿಷ್ ಹಾರ್ನ್ 70. ಇಂಗ್ಲಿಷ್ ಹಾರ್ನ್‌ನ ಅತಿ ಕೆಳಗಿನ ಸ್ವರ ಸಾಮಾನ್ಯವಾಗಿ ಬರಹದಲ್ಲಿ ಬಿ, ಕೇಳುವುದು ಮಧ್ಯ ಸಿ ಕೆಳಗಿನ ಇ. ಅದಕ್ಕಿಂತ ಕೆಳಗೆ ಬರೆದಿದ್ದರೆ ಕಂಪ್ಯೂಟರ್ ನುಡಿಸಿಬಿಡುತ್ತದೆ, ಮನುಷ್ಯ ನುಡಿಸಲಾರ.

ಹೈಡನ್‌ನ 22ನೇ ಸಿಂಫನಿಯಲ್ಲಿ ಎರಡು ‘ಕೋರ್ನಿ ಇಂಗ್ಲೇಸಿ’ಯೂ ಎರಡು ‘ಕೋರ್ನಿ’ಯೂ ಒಂದೇ ಪುಟದಲ್ಲಿವೆ. ಮೊದಲಿನವು ರೀಡ್ ವಾದ್ಯ, ಎರಡನೆಯವು ಹಿತ್ತಾಳೆ. ರೊಸ್ಸಿನಿಯ ‘ವಿಲಿಯಂ ಟೆಲ್’ ಓವರ್ಚರ್‌ನಲ್ಲಿ (ಒಪೆರಾದ ಆರಂಭಸಂಗೀತದಲ್ಲಿ) ಇಂಗ್ಲಿಷ್ ಹಾರ್ನ್ ಸಾಲು ಇಟಲಿಯ ರೂಢಿಯಂತೆ ಬೇಸ್ ಕ್ಲೆಫ್‌ನಲ್ಲಿದೆ, ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಅದನ್ನು ಮಾಮೂಲಿ ಎಫ್ ಎಂದು ನಕಲು ಮಾಡಿದರೆ ಇಡೀ ಸೋಲೋ ಕೆಡುತ್ತದೆ.

ಮೆಂಡೆಲ್ಸೋನ್‌ನ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಓವರ್ಚರ್ ಇನ್ನೂ ಮೋಸದ್ದು. 1826ರ ಕೈಬರಹದಲ್ಲಿ ಅವನು ಕೇಳಿದ್ದು ‘ಇಂಗ್ಲಿಷ್ ಬೇಸ್ ಹಾರ್ನ್’. ಅದು ಇಂಗ್ಲಿಷ್ ಹಾರ್ನ್‌ನ ದೊಡ್ಡಣ್ಣನಲ್ಲ, ಬಟ್ಟಲು ಮೌತ್‌ಪೀಸ್‌ನ ವಿ ಆಕಾರದ ವಾದ್ಯ. ರೂಪಿಸಿದವನು 1800ರ ಸುಮಾರಿಗೆ ಲಂಡನ್ನಿನಲ್ಲಿ ನೆಲೆಸಿದ್ದ ಫ್ರೆಂಚ್ ಮನುಷ್ಯ ಫ್ರಿಷೊ. ಈಗ ಆ ಸಾಲನ್ನು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯಕ್ಕೆ ಅಥವಾ ಅದಕ್ಕೂ ಹಿಂದಿನ ಕಾಲದ ಆಫಿಕ್ಲೈಡ್‌ಗೆ ಕೊಡಬೇಕು.

ದೇಶದ ಹೆಸರು ಇರಬೇಕಾದಲ್ಲಿ ಇಲ್ಲದೆ ತೊಂದರೆ ಕೊಡುವುದೂ ಉಂಟು. ರವೆಲ್ 1922ರಲ್ಲಿ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್’ಗೆ ಬರೆದ ‘ಟ್ಯೂಬಾ’ ಆರು ವಾಲ್ವ್‌ಗಳ ಸಣ್ಣ ಫ್ರೆಂಚ್ ಸಿ ಟ್ಯೂಬಾ. ಅದರ ‘ಬಿಡ್ಲೊ’ ಭಾಗದ ಮೇಲಿನ ಸ್ವರಗಳಿಗೆ ಈಗಿನ ದೊಡ್ಡ ಟ್ಯೂಬಾದಲ್ಲಿ ತಿಣುಕಬೇಕಾಗುತ್ತದೆ. ಅನೇಕರು ಆ ಸೋಲೋವನ್ನು ಚಿಕ್ಕ ಟ್ಯೂಬಾದಂಥ ಯೂಫೋನಿಯಂನಲ್ಲಿ ನುಡಿಸುತ್ತಾರೆ.

ಕೇಳುಗ_ಮೈಸೂರು:
ತುಂಬಾ ಉಪಕಾರವಾಯಿತು. ಡ್ವೋರ್ಝಾಕ್‌ನ 9ನೇ ಸಿಂಫನಿಯ ಲಾರ್ಗೊ ಭಾಗದ ಇಂಗ್ಲಿಷ್ ಹಾರ್ನ್ ಸೋಲೋ ಬಗ್ಗೆ ಒಂದು ಪುಟ ಇಡುವ ಯೋಚನೆ ಇದೆ. ಅದನ್ನು ನುಡಿಸುವವರ ಕಷ್ಟವೇನು?

ಎರಡೆಲೆ_ರೀಡ್:
ಸ್ವರ ಕಷ್ಟವಲ್ಲ. ಡಿ-ಫ್ಲಾಟನ್ನು ಷಡ್ಜವಾಗಿಟ್ಟುಕೊಂಡರೆ ಆರಂಭ ‘ಗ ಪ ಪ, ಗ ರಿ ಸ’ ಅಷ್ಟೇ. ವಾದಕರ ಪುಟದಲ್ಲಿ ಅದು ಎ-ಫ್ಲಾಟ್ ಮೇಜರ್ ಆಗಿರುತ್ತದೆ. ಕಷ್ಟ ಬದಲಾವಣೆಯಲ್ಲಿದೆ. ಸ್ಕೋರ್‌ನ ಪ್ರಕಾರ ಇದು ಎರಡನೇ ಓಬೋದವರ ಕೆಲಸ. ಮೊದಲ ಭಾಗವಿಡೀ ಓಬೋ ನುಡಿಸಿ, ತಣ್ಣಗೆ ಕುಳಿತಿದ್ದ ವಾದ್ಯವನ್ನು ಎತ್ತಿಕೊಂಡು ಹಿತ್ತಾಳೆಯ ಕೆಲವು ಸ್ವರಮೇಳಗಳ ಹಿಂದೆಯೇ ಒಂಟಿಯಾಗಿ, ಮೆಲ್ಲನೆ ಆರಂಭಿಸಬೇಕು. ತಣ್ಣನೆಯ ವಾದ್ಯದ ಶ್ರುತಿ ಇಳಿದಿರುತ್ತದೆ, ಒಣಗಿದ ರೀಡ್ ಮೊದಲ ಸ್ವರಕ್ಕೆ ಮಾತೇ ಆಡುವುದಿಲ್ಲ. ಹಾಗಾಗಿ ಅನೇಕ ವೃಂದಗಳು ಈ ಸೋಲೋಗೆಂದೇ ಬೇರೊಬ್ಬರನ್ನು ಕೂರಿಸುತ್ತವೆ.

ಬೇರೊಬ್ಬರಿಲ್ಲದಿದ್ದರೆ ಮಾಡುವುದು ಹೀಗೆ. ರೀಡನ್ನು ಮೊದಲೇ ನೀರಿನಲ್ಲಿ ನೆನೆಸಿ, ಮೊದಲ ಭಾಗದುದ್ದಕ್ಕೂ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ತೇವವಾಗಿಡುತ್ತಾರೆ. ಪೂರ್ತಿ ಮುಳುಗಿಸಿ ಬಿಟ್ಟರೆ ಬಾಯಿ ತೀರ ತೆರೆದುಕೊಂಡು ಮೆಲ್ಲನೆಯ ಆರಂಭ ಕಷ್ಟವಾಗುತ್ತದೆ. ಬೋಕಲ್ಲನ್ನು ಕೈಯಲ್ಲಿ ಹಿಡಿದು ಬೆಚ್ಚಗಾಗಿಸುತ್ತಾರೆ. ಬಿಡುವು ಸಿಕ್ಕಾಗ ಕೀಲಿಗಳನ್ನೆಲ್ಲ ಮುಚ್ಚಿ ದೇಹದೊಳಗೆ ಸದ್ದಿಲ್ಲದೆ ಬೆಚ್ಚನೆಯ ಉಸಿರು ಬಿಡುತ್ತಾರೆ. ಆಗಲೂ ಶ್ರುತಿ ಕೆಳಗಿದ್ದರೆ ಗಿಡ್ಡ ಬೋಕಲ್ ಹಾಕುತ್ತಾರೆ. ಬೋಕಲ್ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ. ಓಬೋದಲ್ಲಿ ರೀಡ್‌ನ ಕಾರ್ಕ್ ಸುತ್ತಿದ ಕಾಂಡ ನೇರ ವಾದ್ಯದೊಳಗೆ ಕೂರುತ್ತದೆ. ಇಂಗ್ಲಿಷ್ ಹಾರ್ನ್‌ನಲ್ಲಿ ಕಾರ್ಕ್ ಇಲ್ಲ, ರೀಡ್ ಬೋಕಲ್‌ನ ತುದಿಯ ಮೇಲೆ ಕೂರುತ್ತದೆ. ಅಲ್ಲಿ ಸಡಿಲವಿದ್ದರೆ ಗಾಳಿ ಸೋರಿ ಆ ಮೊದಲ ‘ಗ’ ನಡುಗುತ್ತದೆ.

ಬ್ಯಾಂಡ್_ಹುಬ್ಬಳ್ಳಿ:
ಒಂದು ಕಡೇ ಪ್ರಶ್ನೆ ರೀ. ಹಾರ್ನ್ ಸಾಲಿನ್ಯಾಗೂ ಬೇಸ್ ಕ್ಲೆಫ್ ಬರ್ತದ. ಅದನ್ನೂ ಪಂಚಮ ಕೆಳಗನ ಓದಬೇಕೇನ್ರಿ?

ಎಫ್_ಸೈಡ್:
ಹೊಸ ಪದ್ಧತಿಯಾದರೆ ಹೌದು. ಹಳೆಯ ಪದ್ಧತಿಯಲ್ಲಿ ಬೇಸ್ ಕ್ಲೆಫ್‌ನ ಸ್ವರ ಬರೆದದ್ದಕ್ಕಿಂತ ಮಧ್ಯಮದಷ್ಟು ಮೇಲೆ ಕೇಳುತ್ತದೆ, ಅಂದರೆ ಎರಡಕ್ಕೂ ಒಂದು ಸ್ಥಾಯಿ ವ್ಯತ್ಯಾಸ. 18 ಮತ್ತು 19ನೇ ಶತಮಾನದ ಸ್ಕೋರ್‌ಗಳಲ್ಲಿ ಹಳೆಯದೇ ಹೆಚ್ಚು. ಗುರುತಿಸಲು ಟ್ರೆಬಲ್‌ನಿಂದ ಬೇಸ್‌ಗೆ ದಾಟುವ ಜಾಗ ನೋಡಿ. ಹೊಸ ಪದ್ಧತಿಯಲ್ಲಿ ಓದಿದಾಗ ರಾಗದ ಮಧ್ಯೆ ಕಾರಣವಿಲ್ಲದೆ ಒಂದು ಸ್ಥಾಯಿ ಕೆಳಗೆ ಬಿದ್ದರೆ ಅದು ಹಳೆಯದು. ಬೇಸ್ ಗೆರೆಗಳ ಕೆಳಗಿನ ಸಿ ಬರೆದು ಅದನ್ನು ಉದ್ದಕ್ಕೆ ಹಿಡಿಯಲು ಹೇಳಿದ್ದರೂ ಬಹುಪಾಲು ಹಳೆಯದೇ: ಹೊಸ ಪದ್ಧತಿಯಲ್ಲಿ ಅದು ಎಫ್ ಹಾರ್ನ್‌ನ ಮೂಲಸ್ವರವೇ ಆಗಿಬಿಡುತ್ತದೆ, ಹಿಡಿಯುವುದು ಬಹಳ ಕಷ್ಟ. ಭಾಗಗಳನ್ನು ನಕಲು ಮಾಡಿಕೊಡುವಾಗ ಪುಟದ ಮೇಲೆಯೇ ‘ಹಳೆಯ ಬೇಸ್ ಕ್ಲೆಫ್’ ಅಥವಾ ‘ಹೊಸ ಬೇಸ್ ಕ್ಲೆಫ್’ ಎಂದು ಬರೆದುಬಿಡಿ. ಎರಡನೇ ಮತ್ತು ನಾಲ್ಕನೇ ಹಾರ್ನ್‌ನವರ ಪುಟಗಳಲ್ಲಿ ಇದನ್ನು ತಪ್ಪದೆ ಬರೆಯಿರಿ, ಕೆಳಗಿನ ಸ್ವರಗಳು ಬರುವುದು ಸಾಮಾನ್ಯವಾಗಿ ಅವರಿಬ್ಬರಿಗೇ.